ಪೀಪಾಯಿಯ ತಳದ ಗಷ್ಟು

ಫ್ರಾನ್ಸಿನ ಬರ್ಗಂಡಿಯಲ್ಲಿ, ಮರ್ಸೊದಂಥ ಊರಿನಲ್ಲಿ, ಒಂದು ಮನೆತನದ ದ್ರಾಕ್ಷಿ ತೋಟ ಒಂದೇ ಕಡೆ ಇರುವುದು ಅಪರೂಪ. ನೆಪೋಲಿಯನ್ ಕಾಲದ ಕಾನೂನು ಆಸ್ತಿಯನ್ನು ಎಲ್ಲ ಮಕ್ಕಳಿಗೂ ಹಂಚಿತು. ತಲೆಮಾರಿನಿಂದ ತಲೆಮಾರಿಗೆ ಹಿಸ್ಸೆಯಾಗಿ, ಕೆಲವರಿಗೆ ಕೆಲವು ತಾಕುಗಳಲ್ಲಿ ಉಳಿದದ್ದು ನಾಲ್ಕಾರು ಸಾಲು ಬಳ್ಳಿ ಮಾತ್ರ. ಅಷ್ಟು ರಸಕ್ಕೆ 228 ಲೀಟರಿನ ಓಕ್ ಪೀಪಾಯಿ ಹೇಳಿ ಮಾಡಿಸಿದ ಅಳತೆ. ಅದರಲ್ಲಿ ಸುಮಾರು 300 ಬಾಟಲಿ ವೈನ್ ಸಿಗುತ್ತದೆ. ಒಂದು ತಾಕಿನ ರಸ ಇನ್ನೊಂದರೊಂದಿಗೆ ಬೆರೆಯುವುದಿಲ್ಲ.

ಈ ಸೀಮೆಯ ಬಿಳಿ ದ್ರಾಕ್ಷಿ ಶಾರ್ಡನೆಯ ರಸ ಪೀಪಾಯಿಯಲ್ಲೇ ಹುದುಗುವುದು ಮರದ ರುಚಿ ಹತ್ತಲಿ ಎಂದು, ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿ ಮುಗಿದ ವೈನನ್ನು ಆಮೇಲೆ ಹೊಸ ಪೀಪಾಯಿಗೆ ಸುರಿದು ನೋಡಿ, ವೆನಿಲ್ಲಾ ವಾಸನೆ ಮುಂದೆ ಬಂದು ನಿಲ್ಲುತ್ತದೆ, ಬಣ್ಣವೂ ಗಾಢವಾಗುತ್ತದೆ. ಅದೇ ರಸ ಮೊದಲಿನಿಂದ ಪೀಪಾಯಿಯಲ್ಲೇ ಹುದುಗಿದರೆ ಮರ ಹಿಂದೆ ಸರಿಯುತ್ತದೆ. ಇದು ಯೀಸ್ಟಿನ ಕೆಲಸ. ಸುಟ್ಟ ಓಕ್ ಹಲಗೆಯಿಂದ ಇಳಿಯುವ ವೆನಿಲಿನನ್ನು ಅದು ವಾಸನೆ ಕಡಿಮೆಯಿರುವ ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಸಕ್ಕರೆ ಮುಗಿದು ಸತ್ತ ಮೇಲೂ ತಳದಲ್ಲಿ ಗಷ್ಟಾಗಿ ಕೂತು ಮರದ ಒಗರನ್ನು ತನಗೆ ಅಂಟಿಸಿಕೊಳ್ಳುತ್ತದೆ, ಹಲಗೆಗಳ ಮೂಲಕ ನುಸುಳುವ ಆಮ್ಲಜನಕವನ್ನೂ ಹೀರುತ್ತದೆ. ತಾನು ಕರಗುತ್ತ ವೈನಿಗೆ ನಾಲಿಗೆ ಮೇಲೆ ನಿಲ್ಲುವ ಮೈ ಕೊಡುತ್ತದೆ. ಮರವನ್ನು ತಂದವರೇ ಅದನ್ನು ಪಳಗಿಸುವವರನ್ನೂ ಜೊತೆಗಿಟ್ಟಿದ್ದಾರೆ. ಈ ಜಾಣ್ಮೆ, ರಸಾಯನಶಾಸ್ತ್ರ ಅದಕ್ಕೆ ಕಾರಣ ಹೇಳುವುದಕ್ಕೆ ಬಹಳ ಮುಂಚಿನದು ಎಂಬುದೇ ನನ್ನನ್ನು ಹೆಚ್ಚು ಹಿಡಿದಿಡುವ ಸಂಗತಿ.

ಮರಕ್ಕೂ ದೊಡ್ಡ ಚರಿತ್ರೆಯಿದೆ. ಓಕ್ ಮರಕ್ಕೆ ಹೆಸರುವಾಸಿಯಾದ ಟ್ರಾನ್ಸೆ ಕಾಡನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಕಾಪಾಡಿ ಬೆಳೆಸಿದ್ದು ನೌಕಾಪಡೆಯ ಹಡಗುಗಳಿಗಾಗಿ. ಹಡಗು ಕಬ್ಬಿಣದ್ದಾಯಿತು, ಓಕ್ ವೈನಿಗೆ ಉಳಿಯಿತು. ಸೀಳಿದ ಹಲಗೆ ಎರಡು ಮೂರು ವರ್ಷ ಮಳೆ ಬಿಸಿಲಿನಲ್ಲಿ ಒಣಗಿದ ಮೇಲೆಯೇ ಬೆಂಕಿಯ ಮೇಲೆ ಬಾಗುತ್ತದೆ.

ಚಳಿಗಾಲ ಕಳೆದು ನೆಲಮಾಳಿಗೆ ಬೆಚ್ಚಗಾಗುವಾಗ ಬ್ಯಾಕ್ಟೀರಿಯಾ ಚುರುಕಾಗಿ, ಹಸಿ ಸೇಬಿನ ಚುರುಕು ಹುಳಿಯಾದ ಮ್ಯಾಲಿಕ್ ಆಮ್ಲವನ್ನು ನಮ್ಮ ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಮೆದುಗೊಳಿಸುತ್ತದೆ. ಆಗ ಹುಟ್ಟುವ ಡಯಾಸಿಟೈಲ್‌ನಿಂದ ವೈನಿಗೆ ಬೆಣ್ಣೆಯ ವಾಸನೆ. ಅದು ಅತಿಯಾಗದಂತೆ ನೋಡಿಕೊಳ್ಳುವುದೂ ಇದೇ ಗಷ್ಟು.

ಹಾಗೆಂದು ಗಷ್ಟನ್ನು ಎಷ್ಟು ಕಲಕಿದರೂ ಒಳ್ಳೆಯದೇ ಎನ್ನುವಂತಿಲ್ಲ. ಕೋಲು ಇಳಿಸಿ ಕಲಕಿದಷ್ಟೂ ವೈನ್ ಕೊಬ್ಬುತ್ತದೆ, ಗಾಳಿಯೂ ಒಳಗೆ ಹೋಗುತ್ತದೆ. 1990ರ ದಶಕದ ನಡುವಿನಿಂದ ಬರ್ಗಂಡಿಯ ಎಷ್ಟೋ ಬಿಳಿ ವೈನ್‌ಗಳು ಬಾಟಲಿಯಲ್ಲಿ ಅಕಾಲದಲ್ಲಿ ಕಂದುಬಣ್ಣಕ್ಕೆ ತಿರುಗಿದವು. ಬಿರಡೆ, ವೈನ್ ಕೆಡದಂತೆ ಹಾಕುವ ಗಂಧಕದ ಪ್ರಮಾಣ, ರಸ ಹಿಂಡುವ ರೀತಿ ಎಲ್ಲದರ ಮೇಲೂ ಅನುಮಾನ ಬಿತ್ತು, ಕಲಕುವುದರ ಮೇಲೂ. ಆಮೇಲೆ ಅನೇಕರು ಕೋಲನ್ನು ಕೆಳಗಿಟ್ಟರು. ಅದು ಸರಿಯೆಂದೇ ನನ್ನ ಅಭಿಪ್ರಾಯ.

ಹೊಸ ಪೀಪಾಯಿಯ ಬೆಲೆ ಸಣ್ಣ ತೋಟದವರಿಗೆ ಭಾರ. ನಾಲ್ಕೈದು ಬಾರಿ ಬಳಸಿದ ಪೀಪಾಯಿಯಲ್ಲಿ ರುಚಿ ಅಷ್ಟಾಗಿ ಉಳಿದಿರುವುದಿಲ್ಲ, ಉಸಿರಾಟ ಮಾತ್ರ ಇರುತ್ತದೆ. ಅಂಥದ್ದನ್ನು ಹಲವರು ಬೇಕೆಂದೇ ಇಟ್ಟುಕೊಳ್ಳುತ್ತಾರೆ. ಮುಂದಿನ ಸುಗ್ಗಿಯ ಹೊತ್ತಿಗೆ ಪೀಪಾಯಿ ಖಾಲಿಯಾಗಬೇಕು. ಕೆಲವರು ವೈನನ್ನು ಅದರ ಗಷ್ಟಿನ ಸಮೇತ ಟ್ಯಾಂಕಿಗೆ ಇಳಿಸಿ, ಇನ್ನೊಂದು ಚಳಿಗಾಲ ಅಲ್ಲೇ ಬಿಡುತ್ತಾರೆ.