ನವೆಂಬರ್ ಕಳೆದ ಮೇಲೂ ಕಚೇರಿಯಲ್ಲಿ ಉಳಿಯಬೇಕಾದ ಕನ್ನಡ

ನವೆಂಬರ್ ಬಂತೆಂದರೆ ಬೆಂಗಳೂರಿನ ಕಂಪನಿಗಳ ಅಂಗಳದಲ್ಲಿ ಹಳದಿ-ಕೆಂಪು ಬಾವುಟ ಏರುತ್ತದೆ. ಡೊಳ್ಳು ಕುಣಿತ, ನಾಡಗೀತೆ, ಊಟಕ್ಕೆ ಹೋಳಿಗೆ, ಪಂಚೆ-ಶಲ್ಯ, ಇಳಕಲ್ ಸೀರೆ ಎಲ್ಲವೂ ಇರುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಶಾಲಾ-ಕಾಲೇಜು, ಕಾರ್ಖಾನೆ ಮತ್ತು ಐಟಿ-ಬಿಟಿ ಕಂಪನಿಗಳೆಲ್ಲ ರಾಜ್ಯೋತ್ಸವದಂದು ಕನ್ನಡ ಬಾವುಟ ಹಾರಿಸಬೇಕೆಂದು ಹೇಳಿತು. ಈ ಸಂಭ್ರಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಚೇರಿ ಕನ್ನಡವನ್ನು ಗೌರವಿಸುತ್ತದೆಯೇ ಎಂಬುದಕ್ಕೆ ಬಾವುಟದ ಎತ್ತರ ಸಾಕ್ಷಿಯಾಗಲಾರದು. ಆ ಕಚೇರಿಯೊಳಗೆ ಕನ್ನಡಕ್ಕೆ ಒಂದು ಕೆಲಸವಿದೆಯೇ ಎಂಬುದೇ ಸಾಕ್ಷಿ.

ಈ ಹಬ್ಬದ ಬೇರನ್ನು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಏಕೀಕರಣಕ್ಕೆ ಮೊದಲು ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಎಂದು ಹಂಚಿಹೋಗಿದ್ದರು. ನಿಜಾಮರ ಆಳ್ವಿಕೆಯ ಕನ್ನಡ ಜಿಲ್ಲೆಗಳಲ್ಲಿ ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿದ್ದವು. ಮುಂಬೈ ಪ್ರಾಂತ್ಯಕ್ಕೆ ಸೇರಿದ ಕನ್ನಡ ನಾಡಿನಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಅಲ್ಲಿ ಕನ್ನಡ ಶಾಲೆಗಳಿಗಾಗಿ ಡೆಪ್ಯೂಟಿ ಚೆನ್ನಬಸಪ್ಪನವರಂಥವರು ದುಡಿಯಬೇಕಾಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಇದೇ ಕೊರಗಿನಿಂದ. ಶಾಲೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ತನ್ನ ನುಡಿಯಲ್ಲೇ ವ್ಯವಹರಿಸುವ ಹಕ್ಕು ಜನಸಾಮಾನ್ಯನಿಗೆ ಬೇಕೆಂಬ ಹಂಬಲ 1956ರ ನವೆಂಬರ್ 1ರ ಏಕೀಕರಣದ ಹಿಂದಿತ್ತು. 1973ರಲ್ಲಿ ‘ಕರ್ನಾಟಕ’ ಎಂಬ ಹೆಸರು ಬಂದದ್ದೂ ಅದೇ ದಿನಾಂಕದಂದು. ಹೀಗೆ ಕಚೇರಿಯ ಭಾಷೆಯ ಪ್ರಶ್ನೆಯಿಂದ ಬೆಳೆದ ಹಬ್ಬವನ್ನು ಕಚೇರಿಯಲ್ಲೇ ಬರೀ ಉಡುಗೆ-ತೊಡುಗೆಯ ದಿನವಾಗಿಸಿದರೆ ಅದರ ಜೀವವೇ ಹೋಗುತ್ತದೆ.

ಹಾಗಾದರೆ ಕನ್ನಡಕ್ಕೆ ಎಂಥ ಕೆಲಸ ಕೊಡಬಹುದು? ದೊಡ್ಡ ಕಂಪನಿಯೊಂದು ನಡೆಯುವುದು ಎಂಜಿನಿಯರುಗಳಿಂದಷ್ಟೇ ಅಲ್ಲ. ಬಾಗಿಲು ಕಾಯುವವರು, ಕಸ ಗುಡಿಸುವವರು, ಕ್ಯಾಂಟೀನಿನವರು, ಕ್ಯಾಬ್ ಚಾಲಕರು ಇಲ್ಲದಿದ್ದರೆ ಒಂದು ದಿನವೂ ಸಾಗದು. ಅವರಲ್ಲಿ ಎಷ್ಟೋ ಮಂದಿಗೆ ಓದಲು ಬರುವುದು ಕನ್ನಡ ಮಾತ್ರ. ಸಂಬಳದ ಚೀಟಿ, ಪಿಎಫ್ ಮತ್ತು ಇಎಸ್‌ಐ ವಿವರ, ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನೆ, ಲೈಂಗಿಕ ಕಿರುಕುಳದ ದೂರನ್ನು ಯಾರಿಗೆ ಕೊಡಬೇಕೆಂಬ ಮಾಹಿತಿ, ಇವೆಲ್ಲ ಅವರಿಗೆ ಕನ್ನಡದಲ್ಲಿ ಸಿಗಬೇಕು. ಇದು ಹೊಸ ಬೇಡಿಕೆಯೂ ಅಲ್ಲ. ಕಾರ್ಖಾನೆಯ ಸೂಚನಾಫಲಕಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಇನ್ನು ಕಲಿಯಬಯಸುವ ಹೊರರಾಜ್ಯದ ಉದ್ಯೋಗಿಗಳಿಗೆ ಕೆಲಸದ ವೇಳೆಯಲ್ಲೇ ಕನ್ನಡ ತರಗತಿ ನಡೆಸಬಹುದು. ಕುಣಿಯಲು ಬಂದ ಡೊಳ್ಳಿನ ತಂಡಕ್ಕೆ ತಕ್ಕ ಸಂಭಾವನೆ ಕೊಟ್ಟು, ಅವರ ಊರು, ಕಲೆಯ ಬಗ್ಗೆ ಅವರ ಬಾಯಿಂದಲೇ ಕೇಳಬಹುದು. ಬರೀ ಫೋಟೊಗೆ ಹಿನ್ನೆಲೆಯಾಗಿ ನಿಲ್ಲಿಸುವುದು ಕಲಾವಿದರಿಗೆ ಮಾಡುವ ಅವಮಾನ.

ಎಲ್ಲ ರಾಜ್ಯಗಳವರೂ ದುಡಿಯುವ ಕಡೆ ಒಂದೇ ಭಾಷೆಯ ಹಬ್ಬ ಉಳಿದವರನ್ನು ದೂರ ಮಾಡುವುದಿಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಹೆದರಿಸಿ, ಉಚ್ಚಾರಣೆಯನ್ನು ಆಡಿಕೊಂಡು ನಕ್ಕು ಕಲಿಸುವ ಕನ್ನಡ ಜನರನ್ನು ದೂರವೇ ಮಾಡುತ್ತದೆ. ಆದರೆ ಕನ್ನಡದ ಪರಂಪರೆ ಅಂಥದ್ದಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮೂವರಿಗೂ ಜ್ಞಾನಪೀಠ ಬಂದದ್ದು ಕನ್ನಡದಲ್ಲಿ ಬರೆದದ್ದಕ್ಕೆ. 1894ರಲ್ಲಿ ಪ್ರಕಟವಾದ ಹೆಸರಾಂತ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದವರು ಜರ್ಮನಿಯಿಂದ ಬಂದ ಕಿಟೆಲ್. ತುಳು, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಮಾತನಾಡುವವರೂ ಈ ನಾಡಿನ ಮಕ್ಕಳೇ, ರಾಜ್ಯೋತ್ಸವದ ವೇದಿಕೆಯಲ್ಲಿ ಅವರಿಗೂ ಜಾಗವಿರಬೇಕು. ಒಡಿಶಾದಿಂದ ಬಂದ ಕಾವಲುಗಾರನಿಗೆ ಒಡಿಯಾದಲ್ಲೂ ಸುರಕ್ಷತಾ ಸೂಚನೆ ಕೊಟ್ಟರೆ ಕನ್ನಡ ಕುಗ್ಗುವುದಿಲ್ಲ. ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವ ಹಕ್ಕನ್ನು ನಮಗಾಗಿ ಕೇಳುವವರು ಇತರರಿಗೂ ಒಪ್ಪಲೇಬೇಕು.

ವಿದೇಶಿ ಗ್ರಾಹಕರೊಂದಿಗಿನ ವ್ಯವಹಾರಕ್ಕೆ ಇಂಗ್ಲಿಷ್ ಬೇಕು ಎಂಬುದೂ ನಿಜವೇ. ಅದನ್ನು ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಸಂಬಳದ ಚೀಟಿಯಲ್ಲಿ ಕನ್ನಡವಿದ್ದರೆ ಯಾವ ವ್ಯವಹಾರವೂ ನಿಲ್ಲದು. ವರ್ಷಕ್ಕೊಂದು ದಿನವಾದರೂ ನೆನೆಯುತ್ತಾರಲ್ಲ, ಅಷ್ಟೇ ಸಾಕು ಎನ್ನುವವರು ಅಮೆರಿಕದ ಕಾರ್ಟರ್ ವುಡ್ಸನ್ ಅವರನ್ನು ನೆನೆಯಬೇಕು. ಇಂದು ಅಲ್ಲಿ ಫೆಬ್ರುವರಿ ತಿಂಗಳಿಡೀ ನಡೆಯುವ ಕಪ್ಪು ಜನರ ಇತಿಹಾಸದ ಆಚರಣೆಗೆ 1926ರಲ್ಲಿ ಒಂದು ವಾರದ ಕಾರ್ಯಕ್ರಮವಾಗಿ ನಾಂದಿ ಹಾಡಿದವರು ಅವರು. ವರ್ಷವಿಡೀ ಕಲಿತದ್ದನ್ನು ತೋರಿಸುವ ಸಂದರ್ಭ ಅದಾಗಬೇಕೆಂಬುದು ಅವರ ಆಸೆಯಾಗಿತ್ತು. ನಮ್ಮ ನವೆಂಬರ್ ಕೂಡ ಹಾಗಾಗಲಿ. ಸಂಸ್ಥೆಗಳ ಮುಖ್ಯಸ್ಥರಲ್ಲಿ ಕೇಳಿಕೊಳ್ಳುವುದಿಷ್ಟೇ: ಈ ಸಲ ತೋರಣ ಕಟ್ಟುವಾಗ ಒಂದು ಕನ್ನಡ ಸೂಚನಾಫಲಕವನ್ನೂ ಹಾಕಿಸಿ, ಡಿಸೆಂಬರಿನಲ್ಲಿ ತೋರಣ ಬಿಚ್ಚುವಾಗ ಅದನ್ನು ಅಲ್ಲೇ ಉಳಿಸಿ.