ಕಲಿಯುವ ವೈದ್ಯ, ಉಳಿಯುವ ಜೀವ

ಭಟ್ಕಳ ಪಟ್ಟಣಕ್ಕೆ ಹೊಂದಿಕೊಂಡಿರುವ ನಮ್ಮ ಹೆಬಳೆಯಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು ‘ಮಣಿಪಾಲಕ್ಕೆ ಕರೆದೊಯ್ಯೋಣ’ ಎಂಬುದು. ಮಣಿಪಾಲ ಇಲ್ಲಿಂದ ಸುಮಾರು 90 ಕಿಲೋಮೀಟರ್. ಉತ್ತರ ಕನ್ನಡದ ಕರಾವಳಿಯವರಾದ ನಾವು ಹೆದ್ದಾರಿಯನ್ನು ನಂಬಿಯೇ ಬದುಕುತ್ತಿದ್ದೇವೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡದ್ದನ್ನು ನಾವಿನ್ನೂ ಮರೆತಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆ ಬಳಿಕ ಇನ್ನಷ್ಟು ಬಲವಾಯಿತು. ಅದು ನ್ಯಾಯವಾದ ಬೇಡಿಕೆ. ಆದರೆ ಕಟ್ಟಡ ಏಳುವವರೆಗೆ ಕಾಯಲಾಗದ ಇನ್ನೊಂದು ಬೇಡಿಕೆಯೂ ಉಂಟು. ನಮ್ಮ ಸಮೀಪದ ಆಸ್ಪತ್ರೆಯ ವೈದ್ಯರಿಗೂ ದಾದಿಯರಿಗೂ ನಿರಂತರ ಕಲಿಕೆಯ ಅವಕಾಶ ಸಿಗಬೇಕು ಎಂಬುದೇ ಅದು.

ಹೃದಯಾಘಾತವನ್ನೇ ನೋಡೋಣ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಹರಿವು ನಿಂತಾಗ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾದರೆ ಅದೇ ಮೇಲು. ಅಷ್ಟರಲ್ಲಿ ಸಾಧ್ಯವಿಲ್ಲವೆಂದಾದರೆ ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡಿ, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು ಎಂಬುದು ಇಂದಿನ ವೈದ್ಯಶಾಸ್ತ್ರದ ನಿಲುವು. ಹಿಂದೆ ಬಳಸುತ್ತಿದ್ದ ಸ್ಟ್ರೆಪ್ಟೋಕೈನೇಸ್ ಔಷಧವನ್ನು ಸುಮಾರು ಒಂದು ಗಂಟೆ ಕಾಲ ಹನಿಹನಿಯಾಗಿ ಹರಿಸಬೇಕಿತ್ತು. ಈಗಿನ ಟೆನೆಕ್ಟೆಪ್ಲೇಸ್ ಔಷಧವನ್ನು ರೋಗಿಯ ತೂಕ ನೋಡಿ ಒಂದೇ ಬಾರಿಗೆ ಕೆಲವೇ ಸೆಕೆಂಡುಗಳಲ್ಲಿ ಕೊಡಬಹುದು. 2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಈ ಔಷಧವನ್ನು ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೆ ಉಚಿತವಾಗಿ ತಂದಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರು ಇಸಿಜಿ ನೋಡಿ ಸಲಹೆ ನೀಡುವ ಏರ್ಪಾಡೂ ಅದರಲ್ಲಿದೆ.

ಔಷಧ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಸಿಜಿಯ ಗೆರೆಗಳನ್ನು ತಪ್ಪಾಗಿ ಓದಿ, ಅಥವಾ ಇತ್ತೀಚೆಗೆ ಮೆದುಳಿನ ಆಘಾತವಾದವರಿಗೋ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೋ ಇದೇ ಔಷಧ ಕೊಟ್ಟರೆ ರಕ್ತಸ್ರಾವವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಆ ವಿವೇಚನೆ ಕಲಿಕೆಯಿಂದಲೇ ಬರಬೇಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಗ್ರಾಮೀಣ ವೈದ್ಯರನ್ನು ವಾಟ್ಸ್‌ಆ್ಯಪ್ ಬಳಗಗಳಲ್ಲಿ ಸೇರಿಸಿ, ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಬಂದ ಇಸಿಜಿಗೆ ಕೂಡಲೇ ಉತ್ತರ ಸಿಗುವಂತೆ ಮಾಡಿದ್ದಾರೆ. ಇಲ್ಲಿ ಚಿಕಿತ್ಸೆ ಮತ್ತು ಶಿಕ್ಷಣ ಬೇರೆಬೇರೆಯಲ್ಲ. ಹೀಗೆ ಹತ್ತಾರು ಇಸಿಜಿಗಳಿಗೆ ಸಲಹೆ ಪಡೆದ ವೈದ್ಯರು ಮುಂದಿನದನ್ನು ತಾವೇ ಓದಬಲ್ಲರು.

ಹಾವು ಕಡಿತದ್ದು ಇನ್ನೊಂದು ಪಾಠ. ನಸುಕಿನಲ್ಲೇ ಮಲ್ಲಿಗೆ ಮೊಗ್ಗು ಕೊಯ್ಯಲು ಹೋಗುವ, ಮಳೆಗಾಲದಲ್ಲಿ ಗದ್ದೆಗಿಳಿಯುವ ನಮ್ಮವರಿಗೆ ಈ ಭಯ ಹೊಸದಲ್ಲ. 2024ರಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವುದು ಕೇಂದ್ರ ಸರ್ಕಾರದ ಗುರಿ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆಯನ್ನು ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ಆದರೆ ನಳಿಕೆ ಪ್ಲಾಸ್ಟಿಕ್ಕಿನದಾದರೆ, ಸಾಬೂನಿನಲ್ಲಿ ತೊಳೆದದ್ದಾದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ವಿಷದ ಪ್ರಮಾಣ ಮೈಯ ಗಾತ್ರ ನೋಡಿ ಕಡಿಮೆಯಾಗುವುದಿಲ್ಲವಾದ್ದರಿಂದ ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು. ನಮ್ಮ ದೇಶದ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆಂದು ತಯಾರಿಸಲಾಗುತ್ತದೆ. ಪಶ್ಚಿಮ ಘಟ್ಟದ ಮಗ್ಗುಲಿನ ತೋಟಗಳಲ್ಲಿರುವ, ಮೂಗಿನ ತುದಿ ಮೇಲೆದ್ದ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಇದನ್ನು ಅರಿತವರು ವ್ಯರ್ಥವಾಗಿ ಪ್ರತಿವಿಷ ಹರಿಸುತ್ತಾ ಕೂರದೆ ಮೂತ್ರಪಿಂಡದತ್ತ ಗಮನ ಕೊಡುತ್ತಾರೆ.

ಕಲಿತ ವಿದ್ಯೆಗೂ ಆಯುಸ್ಸು ಮುಗಿಯುವುದುಂಟು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನೂ ಕಾಡುತ್ತಿದೆ. ಅದಕ್ಕೆ ಹಲವು ವರ್ಷ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡದೆಂದು ಕಂಡುಬಂದು, 2022ರ ಹೊತ್ತಿಗೆ ಅದರ ಬಳಕೆ ನಿಂತಿತು. ಇಪ್ಪತ್ತು ವರ್ಷಗಳ ಹಿಂದೆ ಓದಿದ್ದನ್ನೇ ನೆಚ್ಚಿಕೊಂಡವರು ಇಂದು ತಪ್ಪು ಭರವಸೆ ಕೊಟ್ಟಾರು.

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ನಿರಂತರ ಶಿಕ್ಷಣ ಪಡೆಯಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತದೆ. ವರ್ಷಕ್ಕೆ ಆರು ಗಂಟೆ. ಅದೂ ದೂರದ ನಗರದ ಸಭಾಂಗಣದಲ್ಲಿ ಪ್ರಮಾಣಪತ್ರಕ್ಕಾಗಿ ಕಳೆದ ಗಂಟೆಗಳಾದರೆ ನಮಗೇನು ಲಾಭ? ಒಬ್ಬರೇ ವೈದ್ಯರಿರುವ ಆರೋಗ್ಯ ಕೇಂದ್ರವನ್ನು ಬಿಟ್ಟು ಹೋಗುವುದಾದರೂ ಹೇಗೆ? ಆದ್ದರಿಂದ ಕಲಿಕೆಯೇ ತಾಲ್ಲೂಕಿಗೆ ಬರಬೇಕು. ತಿಂಗಳಿಗೊಮ್ಮೆ ವೈದ್ಯರು, ದಾದಿಯರು, 108ರ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಒಟ್ಟಿಗೆ ಕುಳಿತು, ಆ ತಿಂಗಳು ಉಳಿದ ಜೀವ ಹೇಗೆ ಉಳಿಯಿತು, ಹೋದದ್ದು ಏಕೆ ಹೋಯಿತು ಎಂದು ಯಾರನ್ನೂ ದೂರದೆ ಚರ್ಚಿಸಲಿ. ಮಠಮಾನ್ಯಗಳ ಸಭಾಭವನಗಳು ಇದಕ್ಕೆ ತೆರೆದುಕೊಳ್ಳಲಿ, ಅದೂ ಜ್ಞಾನದಾಸೋಹವೇ.

ಭಕ್ತರಾದ ನಮ್ಮ ಪಾಲೂ ಇದರಲ್ಲಿದೆ. ‘ಇಲ್ಲಿ ಏನೂ ಮಾಡಬೇಡಿ, ಬರೆದುಕೊಡಿ, ಹೊರಟೆವು’ ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರ ಕೈ ಕಟ್ಟುವುದನ್ನು ನಾವು ಬಿಡಬೇಕು. ಎದೆನೋವನ್ನು ವಾಯುವೆಂದು ಬೆಳಗಿನವರೆಗೆ ತಡೆಯುವುದು, ಕಡಿದ ಜಾಗಕ್ಕೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ದು ರಕ್ತ ಹರಿಸುವುದು ಸಲ್ಲದು. ‘ವೈದ್ಯರು ತರಬೇತಿಗೆ ತೆರಳಿದ್ದಾರೆ’ ಎಂದು ತಿಳಿದಾಗ ಗೊಣಗದಿರೋಣ. ನಮ್ಮೆದುರೇ ಪುಸ್ತಕ ತೆರೆದು ನೋಡುವ, ಹಿರಿಯ ತಜ್ಞರಿಗೆ ಫೋನ್ ಮಾಡಿ ಕೇಳುವ ವೈದ್ಯರನ್ನು ಅರಿಯದವರೆಂದು ಹೀಗಳೆಯದಿರೋಣ. ತನಗೆ ತಿಳಿಯದ್ದನ್ನು ಕೇಳಿ ತಿಳಿಯುವುದು ವೈದ್ಯನ ಕಾಯಕದ ಭಾಗ. ಹಾಗೆ ಕೇಳುವ ಧೈರ್ಯವುಳ್ಳವರ ಕೈಗೆ ನಮ್ಮವರ ಜೀವ ಒಪ್ಪಿಸಲು ನಾವು ಅಂಜಬೇಕಾಗಿಲ್ಲ.