ಸಂಸಾರಿಗಳ ಸಂಚಾರ: ಹಡಗೇರುವ ಮುನ್ನ

ಕೋಲಾರದ ಸೀಮೆಯು ಸಮುದ್ರವನ್ನು ಕಾಣದ ಸೀಮೆ. ವರ್ಷವಿಡೀ ಹರಿಯುವ ದೊಡ್ಡ ಹೊಳೆಯೂ ಅಲ್ಲಿಲ್ಲ. ಮಳೆಗಾಲದಲ್ಲಿ ತುಂಬಿದ ಕೆರೆಯೇ ಅಲ್ಲಿಯವರಿಗೆ ಮಹಾಜಲರಾಶಿ. ಹಾಗಿದ್ದರೂ ಹಡಗಿನ ಮಾತು ಆ ಊರುಗಳಿಗೆ ಹೊಸದಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ, ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಗಣಿಯ ಕೆಲಸ ಬಲ್ಲವರು ಕಡಲು ದಾಟಿ ಅಲ್ಲಿಗೆ ಬಂದರು. ಮೈಸೂರಿನ ಕಮೀಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಬಂದವರೂ ಹೋದವರೂ ಆ ಸ್ಟೇಷನ್ನಿನಲ್ಲಿಯೇ ಇಳಿದು ಹತ್ತಬೇಕಾಗಿದ್ದಿತು. 1947ರ ತರುವಾಯ ಗಣಿಯ ಊರಿನ ಆಂಗ್ಲೋ ಇಂಡಿಯನ್ ಸಂಸಾರಗಳನೇಕವು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟುಹೋದವು. ಅವರೆಲ್ಲರಿಗೂ ಹಡಗೆಂಬುದು ಹೊಟ್ಟೆಯ ಪಾಡಿನ ದಾರಿ; ವಿಹಾರದ ಸಾಧನವಾಗಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಆದರೆ ಗಣಿಯಲ್ಲಿ ದುಡಿದವರೂ, ಬೆಮಲ್ ಕಾರ್ಖಾನೆಯಲ್ಲಿಯೂ ರೈಲ್ವೆಯಲ್ಲಿಯೂ ಪಾಠಶಾಲೆಗಳಲ್ಲಿಯೂ ಸೇವೆ ಮುಗಿಸಿದವರೂ ಅಲ್ಲಿ ಅನೇಕರಿದ್ದಾರೆ. ಮಕ್ಕಳ ವಿದ್ಯಾಭ್ಯಾಸವೂ ಮದುವೆಯೂ ಮುಗಿದು, ದಂಪತಿಗಳಿಬ್ಬರೇ ಉಳಿದ ಮನೆಗಳಲ್ಲಿ 'ಒಂದು ಸಲ ಹಡಗಿನಲ್ಲಿ ಹೋಗಿಬರೋಣವೇ?' ಎಂಬ ಮಾತು ಏಳುತ್ತಿರುವುದು. ಯಾವ ಹಡಗು, ಎಷ್ಟು ಹಣ, ಎಲ್ಲಿ ಗೊತ್ತುಮಾಡುವುದು ಎಂದು ಕೇಳುವವರಿಗೆ ಉತ್ತರವಾಗಿ ಈ ತಿಂಗಳ ಪುಟಗಳನ್ನು ಮೀಸಲಾಗಿಡುತ್ತೇವೆ. ಹಲವು ಸಲ ಹಡಗೇರಿ ಇಳಿದ ನಾವು ಕಂಡುಕೊಂಡ ತತ್ವ ಇಷ್ಟೇ: ಕಡಲ ಯಾನದ ಸುಖದುಃಖಗಳು ಕಡಲಿನಲ್ಲಿ ನಿಶ್ಚಯವಾಗುವುದಿಲ್ಲ, ಹಣ ಕಟ್ಟುವ ಮುನ್ನ ಮನೆಯಲ್ಲಿ ಕುಳಿತು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿಯೇ ನಿಶ್ಚಯವಾಗುವುವು. ನಿವೃತ್ತರ ಕೈಯಲ್ಲಿರುವ ಹಣ ಮತ್ತೆ ದುಡಿದು ತುಂಬಿಕೊಳ್ಳುವ ಹಣವಲ್ಲ. ಆದುದರಿಂದ ಈ ಪ್ರಶ್ನೆಗಳನ್ನು ಸಾವಧಾನವಾಗಿ ಕೇಳಿಕೊಳ್ಳತಕ್ಕದ್ದು.

ಮೊದಲನೆಯ ಪ್ರಶ್ನೆ ರೇವಿನದು. ಬಂಗಾರಪೇಟೆಯವರಿಗೆ ಸಹಜವಾದ ರೇವು ಚೆನ್ನೈ. ರೈಲಿನಲ್ಲಿ ಸುಮಾರು 290 ಕಿಲೋಮೀಟರು. ಸೆಂಟ್ರಲ್ ಸ್ಟೇಷನ್ನಿಗೆ ಬಂದರು ಬಲು ಸಮೀಪ. 2022ರ ಜೂನ್ ತಿಂಗಳಿನಲ್ಲಿ 'ಎಂಪ್ರೆಸ್' ಎಂಬ ವಿಹಾರನೌಕೆ ಚೆನ್ನೈಯಿಂದ ಯಾನವನ್ನಾರಂಭಿಸಿತು; 2023ರ ಜೂನ್ 5ರಂದು ಅದೇ ನೌಕೆ ಶ್ರೀಲಂಕೆಗೆ ಹೊರಟಿತು. ಇಂತಹ ಹಡಗುಗಳು ವರ್ಷವಿಡೀ ಒಂದೇ ರೇವಿನಲ್ಲಿ ನಿಲ್ಲುವುದಿಲ್ಲ. ಋತುವನ್ನನುಸರಿಸಿ ಮುಂಬಯಿ, ಕೊಚ್ಚಿ, ಚೆನ್ನೈ ಎಂದು ಸ್ಥಳ ಬದಲಾಯಿಸುವುವು. ಆದುದರಿಂದ ಹಡಗು ಯಾವ ತಿಂಗಳಿನಲ್ಲಿ ಯಾವ ರೇವಿನಲ್ಲಿರುವುದೆಂಬುದನ್ನು ಮೊದಲು ತಿಳಿದು, ಆಮೇಲೆ ದಿನವನ್ನು ಗೊತ್ತುಮಾಡಬೇಕು.

ಋತುವಿನ ವಿಚಾರವನ್ನು ಇದರೊಡನೆಯೇ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತದಿಂದ ಪಡುವಣ ಕಡಲು ಉಕ್ಕುವುದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಭಯ. ಜನವರಿಯಿಂದ ಮಾರ್ಚಿಯವರೆಗೆ ಎರಡು ಕಡಲುಗಳೂ ಸಾಮಾನ್ಯವಾಗಿ ಶಾಂತವಾಗಿರುವುವು. ಮೊದಲ ಸಲ ಹಡಗೇರುವ ಹಿರಿಯರಿಗೆ ಇದೇ ಒಳ್ಳೆಯ ಕಾಲ. ಮೊದಲ ಯಾನವು ಎರಡು ಮೂರು ರಾತ್ರಿಗಳದಾದರೆ ಸಾಕು. ದೇಹಕ್ಕೆ ಕಡಲು ಒಗ್ಗುವುದೋ ಇಲ್ಲವೋ ಎಂಬುದನ್ನು ಹದಿನೈದು ದಿನಗಳ ಹಣ ಕಟ್ಟಿ ಪರೀಕ್ಷಿಸುವುದು ವಿವೇಕವಲ್ಲ.

ವೈಭವ ಬೇಡ, ಕಡಲೇ ಬೇಕು ಎನ್ನುವವರಿಗೆ ಬೇರೆ ದಾರಿಯೂ ಉಂಟು. ಚೆನ್ನೈಯಿಂದ ಅಂಡಮಾನಿಗೆ ಸರಕಾರದ ಪ್ರಯಾಣಿಕರ ಹಡಗುಗಳು ಹೋಗುವುವು. 2024ರಲ್ಲಿ ಶ್ರೀ ವಿಜಯಪುರವೆಂದು ಹೆಸರು ಬದಲಾದ ಪೋರ್ಟ್ ಬ್ಲೇರನ್ನು ಸೇರಲು ಸುಮಾರು ಮೂರು ದಿನ ಹಿಡಿಯುವುದು. ಸಾಲು ಮಂಚಗಳ ಅಗ್ಗದ ತರಗತಿಯಿಂದ ಹಿಡಿದು ಪ್ರತ್ಯೇಕ ಕೋಣೆಗಳವರೆಗೆ ಅವುಗಳಲ್ಲಿ ದರ್ಜೆಗಳಿವೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗುಗಳು ಒಂದು ಹಗಲಿರುಳಿನೊಳಗೆ ದ್ವೀಪವನ್ನು ಮುಟ್ಟುವುವು. ಆದರೆ ಅಲ್ಲಿಗೆ ಮುಂಗಡವಾಗಿ ಅನುಮತಿ ಪತ್ರ ಪಡೆಯಬೇಕು. ಇವು ಕೆಲಸದ ಹಡಗುಗಳು. ವಿಹಾರನೌಕೆಯ ಉಪಚಾರವನ್ನು ಇವುಗಳಿಂದ ನಿರೀಕ್ಷಿಸಬಾರದು. ಹೊರಡುವ ದಿನವೂ ಹಿಂದುಮುಂದಾಗುವುದುಂಟು. ಆದುದರಿಂದ ಹಿಂದಿರುಗುವ ರೈಲಿನ ಟಿಕೀಟಿಗೆ ನಡುವೆ ಒಂದೆರಡು ದಿನ ಬಿಟ್ಟಿರಬೇಕು.

ಎರಡನೆಯ ಪ್ರಶ್ನೆ ಹಣದ್ದು. ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿ ಕಾಣುವ ದರವು ನಾವು ಕೊಡತಕ್ಕ ದರವಲ್ಲ. ಅದು ಒಂದು ತಲೆಗೆ, ಅದೂ ಇಬ್ಬರು ಒಂದೇ ಕೋಣೆಯಲ್ಲಿರುವಾಗ, ಅದೂ ಅತ್ಯಂತ ಕೆಳದರ್ಜೆಯ ಕೋಣೆಗೆ. ಒಬ್ಬರೇ ಹೋಗುವುದಾದರೆ ಅನೇಕ ವೇಳೆ ಇಬ್ಬರ ದರಕ್ಕೆ ಹತ್ತಿರ ಹತ್ತಿರ ತೆರಬೇಕಾಗುವುದು; ವಿಧವೆಯಾದ ತಾಯಿಯನ್ನು ಒಬ್ಬರೇ ಕಳುಹಿಸುವ ಮಕ್ಕಳು ಇದನ್ನು ನೆನಪಿಡಬೇಕು. ದರದ ಮೇಲೆ ಬಂದರಿನ ಶುಲ್ಕ, ಸರಕಾರದ ತೆರಿಗೆ, ಹಡಗಿನ ಸೇವಕರ ಇನಾಮು ಇವು ಸೇರುವುವು. ವಿದೇಶದ ದೊಡ್ಡ ಕಂಪನಿಗಳ ಹಡಗುಗಳಲ್ಲಿ ಈ ಇನಾಮೇ ದಿನಕ್ಕೆ ತಲೆಗೆ ಸುಮಾರು 15ರಿಂದ 20 ಡಾಲರು ಆಗುವುದು. ದಂಪತಿಗಳಿಗೆ 7 ದಿನಗಳ ಯಾನದಲ್ಲಿ ಇದೊಂದೇ ಬಾಬ್ತು 210ರಿಂದ 280 ಡಾಲರಿಗೆ ಮುಟ್ಟುವುದು. ಊಟ ದರದಲ್ಲಿ ಸೇರಿರುವುದಾದರೂ ಕೆಲವು ಭೋಜನಶಾಲೆಗಳಿಗೂ ಪಾನೀಯಗಳಿಗೂ ಇಂಟರ್ನೆಟ್ಟಿಗೂ ದಡದ ಮೇಲಿನ ಸುತ್ತಾಟಕ್ಕೂ ಬೇರೆ ಹಣ. ಒಂದು ಹಾಳೆಯ ಮೇಲೆ ಇವೆಲ್ಲವನ್ನೂ, ರೈಲಿನ ಖರ್ಚನ್ನೂ, ರೇವಿನ ಊರಿನಲ್ಲಿ ಒಂದು ರಾತ್ರಿಯ ವಸತಿಯನ್ನೂ ಬರೆದು ಕೂಡಿಸಿರಿ. ಆ ಮೊತ್ತವೇ ನಿಜವಾದ ದರ. ಅದನ್ನು ನೋಡಿಯೂ ಮನಸ್ಸು ಪ್ರಸನ್ನವಾಗಿದ್ದರೆ ಮುಂದುವರಿಯಬಹುದು.

ಹಣವನ್ನು ಯಾವಾಗ, ಯಾರಿಗೆ ಕೊಡುವುದೆಂಬುದೂ ವಿಚಾರಾರ್ಹ. ಅನೇಕ ವಿದೇಶೀ ಕಂಪನಿಗಳು ಹಡಗು ಹೊರಡುವ ಸುಮಾರು 90 ದಿನ ಮೊದಲೇ ಪೂರ್ಣ ಹಣವನ್ನು ಕೇಳುವುವು. ಆ ತರುವಾಯ ಯಾನವನ್ನು ರದ್ದುಮಾಡಿದರೆ ಮುರಿಯುವ ಹಣ ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಯ ವಾರಗಳಲ್ಲಿ ಒಂದು ಕಾಸೂ ಹಿಂದಿರುಗುವುದಿಲ್ಲ. ಈ ಮೆಟ್ಟಿಲುಗಳ ಪಟ್ಟಿಯನ್ನು ಬರಹದಲ್ಲಿ ಪಡೆಯದೆ ಮುಂಗಡ ಕೊಡಬೇಡಿರಿ. ಕಂಪನಿಗಳಿಗೂ ಆಯುಸ್ಸಿನ ಮಿತಿಯುಂಟು. 2019ರಲ್ಲಿ ಮುಂಬಯಿಯಿಂದ ಬಹು ಸಂಭ್ರಮದಿಂದ ಯಾನವನ್ನಾರಂಭಿಸಿದ 'ಕರ್ಣಿಕ' ಎಂಬ ಹಡಗಿನ ಕಂಪನಿಯು ಮರುವರ್ಷವೇ ವ್ಯವಹಾರವನ್ನು ನಿಲ್ಲಿಸಿತು. ಹಡಗು ಗುಜರಿಗೆ ಹೋಯಿತು. ಆದುದರಿಂದ ಕೈಯಲ್ಲಿ ನಗದು ಕೊಡದೆ ಬ್ಯಾಂಕಿನ ಮೂಲಕವೇ ಕೊಟ್ಟು, ರಸೀತಿಯ ಜೊತೆಗೆ ಹಡಗಿನ ಕಂಪನಿಯೇ ಕೊಡುವ ನೋಂದಣಿಯ ಸಂಖ್ಯೆಯನ್ನೂ ಕೇಳಿ ಪಡೆಯತಕ್ಕದ್ದು. ಆ ಸಂಖ್ಯೆಯನ್ನು ಕಂಪನಿಯಲ್ಲಿ ವಿಚಾರಿಸಿದರೆ, ದಲಾಲಿಯು ಹಣವನ್ನು ಅಲ್ಲಿಗೆ ಮುಟ್ಟಿಸಿರುವನೋ ಇಲ್ಲವೋ ಒಂದು ಗಳಿಗೆಯಲ್ಲಿ ತಿಳಿಯುವುದು.

ಮೂರನೆಯದು ಕೋಣೆ. ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯುಳ್ಳದ್ದು, ಮೊಗಸಾಲೆಯುಳ್ಳದ್ದು ಎಂದು ಸಾಮಾನ್ಯವಾಗಿ ಮೂರು ಬಗೆ. ಕೇಜಿನಲ್ಲಿ ನಿಂತು ನೆಲದಡಿಗೆ ಇಳಿದವರಿಗೆ ಕಿಟಕಿಯಿಲ್ಲದ ಕೋಣೆಯ ಅಳುಕಿರಲಾರದು. ಅವರ ಗೃಹಿಣಿಯರನ್ನು ಮಾತ್ರ ಕೇಳಿಯೇ ಗೊತ್ತುಮಾಡಬೇಕು. ಕೋಣೆಯ ಬಗೆಗಿಂತ ಕೋಣೆಯಿರುವ ಸ್ಥಳವೇ ಮುಖ್ಯವಾದುದು. ನಮ್ಮ ಬಾವಿಗಳ ಮೇಲೆ ಹಿಂದೆ ಇರುತ್ತಿದ್ದ ಏತದ ಮರವನ್ನು ನೆನೆಯಿರಿ. ಅದರ ತುದಿ ಆಳುದ್ದ ಏರಿಳಿಯುತ್ತಿದ್ದಿತು. ನಡು ಮಾತ್ರ ಕದಲುತ್ತಿರಲಿಲ್ಲ. ಹಡಗೂ ಹಾಗೆಯೇ. ಮುಂದುಗಡೆಯ ಮತ್ತು ಹಿಂದುಗಡೆಯ ಕೋಣೆಗಳು ಅಲೆಯೊಡನೆ ಏರಿಳಿಯುವುವು. ಮೇಲಂತಸ್ತುಗಳು ಪಕ್ಕಕ್ಕೆ ಹೆಚ್ಚಾಗಿ ತೂಗುವುವು. ನಡುಭಾಗದ ಕೆಳ ಅಂತಸ್ತೇ ಹೆಚ್ಚು ಸ್ಥಿರ. ಅದರ ದರ ಅನೇಕ ವೇಳೆ ಕಡಮೆಯೇ ಆಗಿರುವುದು ಸಂಸಾರಿಗಳ ಅದೃಷ್ಟ. ಹಡಗಿನ ನಕಾಶೆಯನ್ನು ತರಿಸಿ, ಮೇಲೆಯೂ ಕೆಳಗೆಯೂ ಮಲಗುವ ಕೋಣೆಗಳೇ ಇರುವ ಅಂತಸ್ತನ್ನು ಆರಿಸಿಕೊಳ್ಳಿರಿ. ನರ್ತನಶಾಲೆಯ ಅಡಿಯ ಕೋಣೆಯಲ್ಲಿ ನಿದ್ರೆ ಬಾರದು. 'ಕೋಣೆಯನ್ನು ನಾವೇ ಆರಿಸಿಕೊಡುವೆವು, ದರ ಇಳಿಸುವೆವು' ಎಂಬ ಏರ್ಪಾಡು ತರುಣರಿಗೆ ಸರಿ, ಹಿರಿಯರಿಗೆ ಸಲ್ಲದು.

ನಾಲ್ಕನೆಯದು ಕಾಗದಪತ್ರ. ದೇಶದೊಳಗಿನ ಯಾನಕ್ಕೆ ಆಧಾರ್ ಮೊದಲಾದ ಗುರುತಿನ ಪತ್ರ ಸಾಕು. ಹೊರದೇಶಕ್ಕೆ ಪಾಸ್‌ಪೋರ್ಟು ಬೇಕು, ಅದಕ್ಕೆ ಯಾನ ಮುಗಿದ ಮೇಲೆಯೂ ಆರು ತಿಂಗಳ ಅವಧಿ ಉಳಿದಿರುವುದು ಕ್ಷೇಮ. ಈ ಸೀಮೆಯವರಿಗೆ ತೊಂದರೆ ಕೊಡುವುದು ಇನಿಷಿಯಲ್ಲು. ಮನೆಯಲ್ಲಿ ಒಂದೆರಡು ಅಕ್ಷರಗಳಾಗಿರುವುದು ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರಾಗಿ ಬಿಡಿಸಿಕೊಂಡಿರುವುದು; ಟಿಕೀಟಿನಲ್ಲಿ ಮತ್ತೊಂದು ಬಗೆ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಹಾಗೆಯೇ ಟಿಕೀಟಿಗೆ ಬರೆಯಿಸಿರಿ. ಹಡಗು ಒಂದು ದೇಶವನ್ನು ಬಿಟ್ಟು ಬೇರೆ ದೇಶವನ್ನು ನೋಡಿ ಮತ್ತೆ ಅದೇ ದೇಶಕ್ಕೆ ಬರುವುದಾದರೆ, ಒಂದು ಸಲ ಮಾತ್ರ ಪ್ರವೇಶ ಕೊಡುವ ವೀಸಾ ಸಾಲದು. ಹಲವು ಸಲದ ವೀಸಾ ಬೇಕು. ಈ ಹೊಣೆಯನ್ನು ಕಂಪನಿ ಹೊರುವುದಿಲ್ಲ, ಪ್ರಯಾಣಿಕನೇ ಹೊರಬೇಕು.

ಐದನೆಯದು ದೇಹಸ್ಥಿತಿ. ಗಣಿಯ ಊರಿನಲ್ಲಿ ಈ ಮಾತನ್ನು ಹಗುರವಾಗಿ ಹೇಳಿ ಮುಂದೆ ಹೋಗಲಾಗುವುದಿಲ್ಲ. ಬಂಡೆಯ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ರೋಗಕ್ಕಾಗಿ 1940ರಿಂದ 1946ರವರೆಗೆ ಅಲ್ಲಿಯ 7653 ಕೆಲಸಗಾರರನ್ನು ಪರೀಕ್ಷಿಸಿದಾಗ 3402 ಮಂದಿಯಲ್ಲಿ ಅದು ಕಂಡುಬಂದಿತು. ಮುಂದಿನ ತಲೆಮಾರಿನಲ್ಲಿಯೂ ಮೆಟ್ಟಿಲು ಹತ್ತಿದರೆ ಉಬ್ಬಸಪಡುವ ಹಿರಿಯರಿದ್ದಾರೆ. ಅಂಥವರು ಹಡಗೇರಬಾರದೆಂದು ನಾವು ಹೇಳುವುದಿಲ್ಲ. ಮರೆಮಾಚಿ ಏರಬಾರದೆಂದು ಹೇಳುತ್ತೇವೆ. ಹಡಗಿನಲ್ಲಿ ವೈದ್ಯರಿರುವರು, ಆದರೆ ಚಿಕಿತ್ಸೆಗೆ ಬೇರೆ ಹಣ, ಮತ್ತು ಅದು ದೊಡ್ಡ ಆಸ್ಪತ್ರೆಯಲ್ಲ. ನಡುಗಡಲಿನಿಂದ ರೋಗಿಯನ್ನು ದಡಕ್ಕೆ ಸಾಗಿಸುವ ವೆಚ್ಚ ಒಂದು ಸಂಸಾರದ ಉಳಿತಾಯವನ್ನೇ ನುಂಗಬಲ್ಲುದು. ಪ್ರಯಾಣದ ವಿಮೆಯನ್ನು ಮಾಡಿಸುವಾಗ ಇರುವ ರೋಗವನ್ನೆಲ್ಲ ಬರೆಯಿಸಿ, ಈ ಸಾಗಾಟದ ವೆಚ್ಚವೂ ಅದರಲ್ಲಿ ಸೇರಿರುವುದೇ ಎಂದು ನೋಡಿರಿ. ಬಚ್ಚಿಟ್ಟ ರೋಗಕ್ಕೆ ವಿಮೆಯವರು ಹಣ ಕೊಡುವುದಿಲ್ಲ. ಆಮ್ಲಜನಕದ ಯಂತ್ರವಾಗಲಿ ಗಾಲಿಕುರ್ಚಿಯಾಗಲಿ ಬೇಕಿದ್ದರೆ ಟಿಕೀಟು ಗೊತ್ತುಮಾಡುವಾಗಲೇ ತಿಳಿಸಬೇಕು. ಯಾನದ ಮಧ್ಯೆ 24 ವಾರ ಮುಟ್ಟುವ ಗರ್ಭಿಣಿಯರನ್ನು ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಕಡಲಿನ ವಾಂತಿಗೆ ಹೆದರಬೇಕಾಗಿಲ್ಲ. ವೈದ್ಯರನ್ನು ಕೇಳಿ ಮಾತ್ರೆ ತಂದಿಟ್ಟುಕೊಂಡು, ತಲೆ ತಿರುಗುವ ಮೊದಲೇ ತೆಗೆದುಕೊಳ್ಳಬೇಕು. ಬರಿಹೊಟ್ಟೆಯೂ ಬಿರಿಯುವ ಹೊಟ್ಟೆಯೂ ಎರಡೂ ಕೂಡದು. ಒಣಶುಂಠಿಯ ಚೂರು ಬಾಯಲ್ಲಿದ್ದು, ದೃಷ್ಟಿ ದಿಗಂತದ ಮೇಲಿದ್ದರೆ ಅನೇಕರಿಗೆ ಸುಖವೆನಿಸುವುದು. ದಿನನಿತ್ಯದ ಔಷಧಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ರೇವಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕೋಣೆಯನ್ನು ಸೇರಲು ರಾತ್ರಿಯಾಗಬಹುದು. ಶಾಕಾಹಾರಿಗಳು ತಮ್ಮ ನಿಯಮವನ್ನು ಟಿಕೀಟಿನೊಡನೆಯೇ ಬರೆದು ತಿಳಿಸತಕ್ಕದ್ದು.

ಕಡೆಯದು ರೇವಿಗೆ ಸೇರುವ ವಿಚಾರ. ಹಡಗು ಯಾರಿಗಾಗಿಯೂ ಕಾಯದು. ಹೊರಡುವ ವೇಳೆಗೆ ಗಂಟೆಗಳ ಮೊದಲೇ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುವರು. ಅದೇ ದಿನದ ಬೆಳಗಿನ ರೈಲನ್ನು ನಂಬಿ ಹೊರಟರೆ, ಜೋಲಾರಪೇಟೆಯಲ್ಲಿಯೋ ಕಾಟ್ಪಾಡಿಯಲ್ಲಿಯೋ ಎರಡು ಗಂಟೆ ತಡವಾದರೂ ಕಟ್ಟಿದ ಹಣವೆಲ್ಲ ನೀರಿನ ಪಾಲು. ಒಂದು ರಾತ್ರಿಯ ವಸತಿಗೆ ತೆರುವ ಹಣವು ಇಡೀ ಯಾನಕ್ಕೆ ಕಟ್ಟಿದ ಕಾವಲು; ಹಿಂದಿನ ದಿನವೇ ಚೆನ್ನೈ ಸೇರಿರಿ.

ಹಡಗೇರಿದೊಡನೆ ಆಪತ್ಕಾಲದ ಕವಾಯತಿಗೆ ಕರೆಯುವರು. ತಿಂಡಿಯ ಮೇಜನ್ನು ಬಿಟ್ಟು ಹೋಗಲು ಬೇಸರಪಡುವವರಿದ್ದಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಕಡಲ ಪ್ರಯಾಣಿಕರ ರಕ್ಷಣೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2012ರ ಜನವರಿ 13ರಂದು ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯ ಬಂಡೆಗೆ ತಗುಲಿ 32 ಮಂದಿ ಸತ್ತರು. ಅಂದು ಹತ್ತಿದವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆ ತರುವಾಯ ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ಅದನ್ನು ನಡೆಸತಕ್ಕದ್ದೆಂಬ ನಿಯಮ ಬಂದಿತು. ಗಣಿಯೊಳಗೆ ಬಂಡೆ ಸಿಡಿದಾಗ ಊರೆಲ್ಲ ನಡುಗಿದ್ದನ್ನು ಬಲ್ಲವರಿಗೆ ಇದರ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಇಳಿದವರೆಷ್ಟು, ಮೇಲೆ ಬಂದವರೆಷ್ಟು ಎಂದು ಲೆಕ್ಕವಿಟ್ಟು ಬದುಕಿದ ಊರು ಅದು.

ಇಷ್ಟನ್ನು ವಿಚಾರಿಸಿದ ಮೇಲೆ ಮಿಕ್ಕುದೆಲ್ಲ ಸುಖವೇ. ಮುಂಜಾನೆ ಬೇಗನೆ ಎದ್ದು ಮೇಲಂತಸ್ತಿಗೆ ಹೋದರೆ ನಾಲ್ಕು ದಿಕ್ಕಿಗೂ ನೀರು, ಅದರೊಳಗಿಂದ ಏಳುವ ಸೂರ್ಯ. ಅಡಿಗೆಮನೆಯ ಚಿಂತೆಯಿಲ್ಲದೆ, ನೀರು ಬಿಡುವ ಹೊತ್ತಿಗೆ ಕಾಯದೆ, ಮೂವತ್ತು ನಲವತ್ತು ವರ್ಷ ಮನೆಯನ್ನು ನಡೆಸಿದ ಗೃಹಿಣಿಯು ಅಲ್ಲಿ ಕೈಕಟ್ಟಿ ಕುಳಿತಿರುವುದನ್ನು ನೋಡುವುದಕ್ಕಾದರೂ ಒಮ್ಮೆ ಹೋಗಿಬರುವುದು ತಕ್ಕದ್ದೆಂದು ನಮ್ಮ ಅಭಿಪ್ರಾಯ. ಲೆಕ್ಕದ ಹಾಳೆಯನ್ನು ದಂಪತಿಗಳಿಬ್ಬರೂ ಕೂಡಿ ಕುಳಿತೇ ಬರೆಯಲಿ ಎಂಬುದು ನಮ್ಮ ಕೊನೆಯ ಕೋರಿಕೆ.